ಹಳೇ ನಾರಿನ ಪುಡಿ, ಹೊಸ ಬೀಜದ ಗಡ್ಡೆ



ಕಥೆ-ಕವಿತೆ-ಪುಸ್ತಕ ಪರಿಚಯಗಳ ಈ ಓಲೆಯೊಳಗೆ ಆಲೂಗಡ್ಡೆ ಹೇಗೆ ಉರುಳಿಕೊಂಡು ಬಂತು ಎಂದು ಹುಬ್ಬೇರಿಸಬೇಡಿ. ಕಳೆದ ಸಲ ನಮ್ಮ ಮನೆಯಲ್ಲಿ ಸೇರಿದಾಗ ಪುಸ್ತಕದ ಮಾತು ಮುಗಿಯುವ ಮೊದಲೇ ಅರ್ಧ ಜನ ಹಿತ್ತಿಲಿಗೆ ಹೋಗಿ ನಮ್ಮ ಆಲೂಗಡ್ಡೆ ಚೀಲಗಳ ಮುಂದೆ ನಿಂತಿದ್ದಿರಿ. "ಗಡ್ಡೆ ಕಿತ್ತಾದ ಮೇಲೆ ಈ ಮಣ್ಣು ಏನು ಮಾಡುತ್ತೀರಿ? ಮುಂದಿನ ವರ್ಷಕ್ಕೂ ಬರುತ್ತದೆಯೆ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅದೇ ವಾರ ಊರಿನಿಂದ ಭಾವನವರೂ ಫೋನಿನಲ್ಲಿ ಅದನ್ನೇ ಕೇಳಿದರು. ಅವರದು ಹಿತ್ತಿಲಿನ ಹವ್ಯಾಸವಲ್ಲ, ಸಾಲ ಮಾಡಿ ಕಟ್ಟಿಸಿದ ಪಾಲಿಹೌಸು. "ಅಲ್ಲ ಕಣಪ್ಪ, ಇಷ್ಟೊಂದು ಕೊಕೊಪೀಟು ದುಡ್ಡು ಕೊಟ್ಟು ತಂದಿದೀನಿ. ಒಂದೇ ಸಲಕ್ಕೆ ತಿಪ್ಪೆಗೆ ಸುರಿಯೋದಾ?" ಎಂಬುದು ಅವರ ಪ್ರಶ್ನೆ.

ಭಾವನವರ ಊರು ಹಾಸನದ ಹತ್ತಿರ. ಆಲೂಗಡ್ಡೆ ಅಂದರೆ ಹಾಸನ, ಹಾಸನ ಅಂದರೆ ಆಲೂಗಡ್ಡೆ ಎಂದು ನಾವು ಬೆಳೆದವರು. (ನಮ್ಮ ಉತ್ತರ ಕರ್ನಾಟಕದ ಗೆಳೆಯರು ಉಳ್ಳಾಗಡ್ಡಿಯ ಜತೆ ಇದನ್ನು ಬಟಾಟಿ ಎನ್ನುತ್ತಾರೆ. ಪೋರ್ಚುಗೀಸರ ಬಾಯಿಂದ ಬಂದ ಮಾತು ಅದು. ಗಡ್ಡೆಯೂ ಪರದೇಶಿ, ಹೆಸರೂ ಪರದೇಶಿ, ನಮ್ಮ ಹಾಗೇ!) ಆದರೆ ಹಾಸನದ ರೈತ ಬಿತ್ತುವ ಗಡ್ಡೆ ಹಾಸನದ್ದಲ್ಲ. ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬಂದು, ಕೋಲ್ಡ್ ಸ್ಟೋರೇಜಿನಲ್ಲಿ ಕಾದು, ಮೇ ತಿಂಗಳಲ್ಲಿ ಮಾರುಕಟ್ಟೆಗೆ ಇಳಿಯುವ ಗಡ್ಡೆ ಅದು. ಅದಕ್ಕೆ ಕಾರಣವಿದೆ. ಆಲೂಗಡ್ಡೆಯನ್ನು ಗಡ್ಡೆಯಿಂದಲೇ ಬೆಳೆಸುವುದರಿಂದ ತಾಯಿಗಿಡದ ರೋಗವೆಲ್ಲ ಮಗುವಿಗೆ ಬಳುವಳಿ. ವೈರಸ್ ಹೊತ್ತು ತಿರುಗುವ ಗಿಡಹೇನು ಕಡಿಮೆ ಇರುವ ಚಳಿಗಾಲದಲ್ಲಿ, ಪಂಜಾಬಿನ ಬಯಲಿನಲ್ಲೇ ಶುದ್ಧ ಬೀಜ ಬೆಳೆಯಬಹುದೆಂದು ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಡಾ. ಪುಷ್ಕರನಾಥರು ತೋರಿಸಿಕೊಟ್ಟರು. 1968ರಲ್ಲಿ ಬಿಡುಗಡೆಯಾದ 'ಕುಫ್ರಿ ಜ್ಯೋತಿ' ನಮ್ಮ ಜಿಲ್ಲೆಯ ಮನೆಮಾತಾದದ್ದು ಆ ಕಾಲದ ನಂತರ. ಆದರೆ ಅಷ್ಟು ದೂರದ ಬೀಜಕ್ಕೆ ಬೆಲೆಯೂ ದೂರದ್ದೇ. ಬೆಳೆಯ ಖರ್ಚಿನಲ್ಲಿ ದೊಡ್ಡ ಪಾಲು ಬೀಜಕ್ಕೇ ಹೋಗುತ್ತದೆ. ಅದರ ಮೇಲೆ ಮಳೆಗಾಲದ ಅಂಗಮಾರಿ ರೋಗ. ಎರಡರ ನಡುವೆ ಸಿಕ್ಕಿ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಜೋಳಕ್ಕೆ, ಶುಂಠಿಗೆ ಹೋಗಿದ್ದಾರೆ.

ಇದಕ್ಕೆ ಪರಿಹಾರವೆಂದು ಈಚಿನ ವರ್ಷಗಳಲ್ಲಿ ಬಂದಿರುವುದು ಕುಡಿಯಿಂದ ಸಸಿ ಮಾಡುವ ಪದ್ಧತಿ. ವಿಯೆಟ್ನಾಮಿನ ದಾಲತ್ ಬೆಟ್ಟಗಳ ರೈತರು 1980ರ ದಶಕದಲ್ಲೇ ಹೀಗೆ ಮಾಡಿದ್ದರು. ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದವರು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಜತೆ ಸೇರಿ ಅದನ್ನು ಹಾಸನಕ್ಕೂ ತಂದಿದ್ದಾರೆ. ಪ್ರಯೋಗಶಾಲೆಯ ಬಾಟಲಿಯಲ್ಲಿ ಬೆಳೆದ ರೋಗವಿಲ್ಲದ ಪುಟ್ಟ ಗಿಡವನ್ನು ತಂದು ಪಾಲಿಹೌಸಿನ ಮಡಿಯಲ್ಲಿ ನೆಡುತ್ತಾರೆ. ಇದು ತಾಯಿಗಿಡ. ಅದರ ಕುಡಿಯನ್ನು ಆಗಾಗ ಚಿವುಟಿ, ಗುಳಿಗುಳಿಯ ಟ್ರೇಗಳಲ್ಲಿ ಊರಿ ಬೇರು ಬರಿಸುತ್ತಾರೆ. ಎರಡು-ಮೂರು ವಾರದಲ್ಲಿ ಸಸಿ ಸಿದ್ಧ. ರೈತ ಅದನ್ನು ಟೊಮೆಟೊ ಸಸಿಯಂತೆ ಗದ್ದೆಯಲ್ಲಿ ನೆಟ್ಟು, ಬಂದ ಗಡ್ಡೆಯನ್ನು ಮುಂದಿನ ಬೆಳೆಗೆ ಬೀಜ ಮಾಡಿಕೊಳ್ಳುತ್ತಾನೆ. ಜಲಂಧರದ ಲಾರಿಯನ್ನು ಕಾಯಬೇಕಾಗಿಲ್ಲ. ಭಾವನವರು ಕೈ ಹಾಕಿರುವುದು ಈ ಸಸಿಯ ವ್ಯಾಪಾರಕ್ಕೆ.

ಮಡಿಯಲ್ಲೂ ಟ್ರೇಯಲ್ಲೂ ಇರುವುದು ಮಣ್ಣಲ್ಲ, ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟು. ಅರಸೀಕೆರೆ-ತಿಪಟೂರು ಕಡೆಯವರಿಗೆ ನೆನಪಿರಬೇಕು, ನಾರಿನ ಕಾರ್ಖಾನೆಗಳ ಪಕ್ಕ ಗುಡ್ಡೆ ಬಿದ್ದಿರುತ್ತಿದ್ದ ಆ ಕೆಂಪು-ಕಂದು ಪುಡಿ. ಯಾರಿಗೂ ಬೇಡದ ಕಸವಾಗಿದ್ದದ್ದು ಇವತ್ತು ಇಟ್ಟಿಗೆಯಾಗಿ ಒತ್ತಿಸಿಕೊಂಡು, ಹಡಗು ಹತ್ತಿ, ಟೆಕ್ಸಾಸಿನ ಅಂಗಡಿಯ ಕಪಾಟಿನಲ್ಲಿ ಕೂತಿದೆ. ನಾವು ಜಾರ್ಜ್‌ಟೌನಿನ ಪಶ್ಚಿಮಕ್ಕಿರುವವರು. ಹಾರೆ ಹಾಕಿದರೆ ನಾಲ್ಕು ಇಂಚಿಗೆ ಸುಣ್ಣದ ಕಲ್ಲು 'ಠಣ್' ಎನ್ನುತ್ತದೆ. ಹೆದ್ದಾರಿಯಾಚೆ ಪೂರ್ವಕ್ಕೆ ಇರುವವರದು ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು ಬಿಡುವ ಎರೆಮಣ್ಣು. ಎರಡರಲ್ಲೂ ಗಡ್ಡೆಗೆ ಸುಖವಿಲ್ಲ. ಹಾಗಾಗಿ ನಮ್ಮದು ಚೀಲದ ಬೇಸಾಯ: ಫೆಬ್ರವರಿ ನಡುವಿಗೆ ಪ್ಲಾಸ್ಟಿಕ್ ಹೊದಿಸಿದ ಪುಟ್ಟ ಗೂಡಿನಲ್ಲಿ ನೆಟ್ಟು, ಬಿಸಿಲು ಏರುವ ಮೊದಲು, ಮೇ ಕೊನೆಗೆ ಕೀಳುವುದು.

ಹಳೆಯ ಪುಡಿಯ ಪಾಠವನ್ನು ನಾವು ಕಲಿತದ್ದು ಎಡವಿಯೇ. ಮೊದಲ ವರ್ಷದ ಗಡ್ಡೆ ನುಣ್ಣಗೆ, ಮುದ್ದಾಗಿ ಬಂತು. ಅದೇ ಚೀಲಕ್ಕೆ ಸ್ವಲ್ಪ ಗೊಬ್ಬರ ಬೆರೆಸಿ, ಮೊದಲ ವರ್ಷದ ಗಡ್ಡೆಯನ್ನೇ ಬೀಜವಾಗಿಸಿ, ಎರಡನೇ ವರ್ಷವೂ ನೆಟ್ಟೆವು. ಎಲೆ ಸೊಂಪಾಗಿ ಬಂತು. ಕಿತ್ತು ನೋಡಿದರೆ ಗಡ್ಡೆಯ ಮೈಯೆಲ್ಲ ಕಜ್ಜಿ! ತಪ್ಪು ಎಲ್ಲಿಯದೆಂದು ತಿಳಿಯಲು ಸ್ವಲ್ಪ ಓದಬೇಕಾಯಿತು. ಕಜ್ಜಿ ರೋಗದ ಸೂಕ್ಷ್ಮಾಣು ಹುಳಿ ಮಣ್ಣಿನಲ್ಲಿ, ಪಿಎಚ್ ಸುಮಾರು 5.2ಕ್ಕಿಂತ ಕೆಳಗಿದ್ದರೆ, ಹೆಚ್ಚಾಗಿ ತಲೆಯೆತ್ತುವುದಿಲ್ಲ. ಸುಣ್ಣದ ಅಂಶ ಹೆಚ್ಚಾದಷ್ಟೂ ಅದಕ್ಕೆ ಹಬ್ಬ. ನಮ್ಮ ನಲ್ಲಿಯ ನೀರೋ, ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುವ ಸುಣ್ಣದ ನೀರು. ಒಂದು ವರ್ಷ ದಿನಾ ಹೊಯ್ದು ಹೊಯ್ದು ಪುಡಿಯನ್ನು ನಾವೇ ಕಜ್ಜಿಗೆ ಹದ ಮಾಡಿಕೊಟ್ಟಿದ್ದೆವು.

ಪುಡಿ ಹಳತಾಗುವುದೆಂದರೆ 'ಸಾರ ಹೋಗುವುದು' ಎಂದು ನಾವೆಲ್ಲ ತಿಳಿಯುತ್ತೇವೆ. ಅದು ಇದ್ದುದರಲ್ಲಿ ಸಣ್ಣ ತೊಂದರೆ. ಕೊಕೊಪೀಟಿನಲ್ಲಿ ಮೊದಲಿಂದಲೂ ಸಾರವೇನೂ ಇರುವುದಿಲ್ಲ, ನಾವು ಹಾಕಿದ್ದಷ್ಟೇ. ಸಾರಕ್ಕಿಂತ ಮುಖ್ಯವಾದದ್ದು ಗಾಳಿ. ನಾರು ಕೊಳೆತು ನುಣುಪಾದಂತೆ ಕಣಗಳ ನಡುವಿನ ಸಂದು ಮುಚ್ಚುತ್ತದೆ. ಆಗ ಉಸಿರುಕಟ್ಟಿದ ಗಡ್ಡೆಯ ಮೈಮೇಲಿನ ರಂಧ್ರಗಳು ಬೆಳ್ಳಗೆ, ಅರಳು ಸಿಡಿದಂತೆ ಉಬ್ಬುತ್ತವೆ. ಕೊಳೆಯಿಸುವ ಸೂಕ್ಷ್ಮಾಣುಗಳಿಗೆ ಅದು ತೆರೆದ ಬಾಗಿಲು. ಗೊಬ್ಬರದ ನೀರಿನ ಉಪ್ಪೂ ಉಳಿದು ಸೇರುತ್ತಾ ಹೋಗುತ್ತದೆ. ಇವೆರಡಕ್ಕೂ ಮದ್ದು ಸುಲಭ. ಒಳ್ಳೆಯ ನೀರಿನಲ್ಲಿ ಎರಡು-ಮೂರು ಸಲ ತೊಳೆದು ಬಸಿಯುವುದು, ಜರಡಿ ಹಿಡಿದು ನುಣ್ಣನೆಯ ಧೂಳನ್ನು ತೆಗೆಯುವುದು, ಒರಟು ಹೊಸ ಪುಡಿ ಬೆರೆಸುವುದು.

ಕಷ್ಟವಿರುವುದು ಪುಡಿಯಲ್ಲಿ ಉಳಿದುಕೊಂಡ ಬಾಡಿಗೆದಾರರಿಂದ. ಎಲ್ಲ ರೋಗವೂ ಪುಡಿಯಲ್ಲಿ ಉಳಿಯುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಎಲೆ ಮುದುರಿಸುವ ವೈರಸ್ಸುಗಳು ಗಿಡಹೇನಿನ ಬಾಯಲ್ಲಿ ಬರುತ್ತವೆ, ಬರಿಯ ಪುಡಿಯಲ್ಲಿ ಬದುಕುವುದಿಲ್ಲ. 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮ ತಂದ ಅಂಗಮಾರಿಗೂ ಸಾಮಾನ್ಯವಾಗಿ ಜೀವಂತ ಗಿಡ ಅಥವಾ ಗಡ್ಡೆ ಬೇಕು. ಹಾಗಾದರೆ ನಿಶ್ಚಿಂತೆಯೆ? ಅಲ್ಲ. ಗಡ್ಡೆ ಕಿತ್ತ ಮಡಿಯಲ್ಲಿ ಬಟಾಣಿಯಷ್ಟು ದೊಡ್ಡ ಗಡ್ಡೆಗಳು ಹತ್ತಾರು ಉಳಿದೇ ಉಳಿಯುತ್ತವೆ. ವೈರಸ್ಸೂ ಅಂಗಮಾರಿಯೂ ಅವುಗಳ ಒಳಗೆ ಮುಂದಿನ ಬೆಳೆಯವರೆಗೆ ಹಾಯಾಗಿ ಮಲಗಿರುತ್ತವೆ. ಜರಡಿ ಹಿಡಿಯುವುದು ಧೂಳಿಗಿಂತ ಹೆಚ್ಚಾಗಿ ಈ ಗುಪ್ತಗಾಮಿಗಳಿಗಾಗಿ. ಇನ್ನು ಪುಡಿಯಲ್ಲೇ ಮನೆ ಮಾಡುವವು ಬೇರೆ ಇವೆ: ಕಜ್ಜಿ, ವರ್ಷಗಟ್ಟಲೆ ಕಾಯಬಲ್ಲ ಪುಡಿಕಜ್ಜಿಯ ಬೀಜಕ, ಬುಡ ಕೊಳೆಸುವ ಶಿಲೀಂಧ್ರಗಳು, ಎಲ್ಲಕ್ಕಿಂತ ಕೆಟ್ಟದ್ದು ದುಂಡಾಣು ಸೊರಗು ರೋಗ.

ಸೊರಗು ರೋಗ ಎಷ್ಟು ಕೆಟ್ಟದ್ದೆಂದರೆ, ಆಲೂಗಡ್ಡೆಗೆ ಬರುವ ಅದರ ಒಂದು ಪಂಗಡವನ್ನು ಅಮೆರಿಕ ಸರ್ಕಾರ 2002ರ ಜೈವಿಕ ಭಯೋತ್ಪಾದನೆ ಕಾನೂನಿನ ಕೆಳಗೆ ಅಪಾಯಕಾರಿ ಪಟ್ಟಿಯಲ್ಲಿಟ್ಟಿತು. ಮರುವರ್ಷವೇ, 2003ರಲ್ಲಿ, ಕೆನ್ಯಾದಿಂದ ಬಂದ ಜೆರೇನಿಯಂ ಹೂವಿನ ಕಡ್ಡಿಗಳೊಳಗೆ ಅದು ಇಲ್ಲಿನ ಹಸಿರುಮನೆಗಳನ್ನು ಹೊಕ್ಕಿತ್ತು. ಲಕ್ಷಾಂತರ ಗಿಡಗಳನ್ನು ನಾಶ ಮಾಡಬೇಕಾಯಿತು. 2020ರಲ್ಲಿ ಗ್ವಾಟೆಮಾಲದ ಕಡ್ಡಿಗಳಲ್ಲಿ ಮತ್ತೆ ಅದೇ ಕಥೆ. ಹೊರಗೆ ನೋಡಲು ಚೆಂದದ ಹೂಗಿಡ; ಒಳಗೆ ಆಲೂಗಡ್ಡೆಯ ಯಮ. ಬಸಿದ ನೀರಿನಲ್ಲಿ, ಕತ್ತರಿಯ ಅಲಗಿನಲ್ಲಿ, ಹಳೆಯ ಪುಡಿಯಲ್ಲಿ ಅದು ಕುಂಡದಿಂದ ಕುಂಡಕ್ಕೆ ಹೋಗುತ್ತದೆ. ಟೊಮೆಟೊ, ಬದನೆಗೂ ಅದು ಅಂಟುತ್ತದೆ. ನಮ್ಮೂರ ಶುಂಠಿಯನ್ನು ಬಾಡಿಸುವ ದುಂಡಾಣುವೂ ಅದೇ ಬಳಗದ್ದು.

ಇಷ್ಟು ತಿಳಿದ ಮೇಲೆ ಭಾವನವರನ್ನು ನಾವು ಕೇಳಿದ್ದು ಒಂದೇ ಪ್ರಶ್ನೆ: "ಹಳೆಯ ಪುಡಿಯನ್ನು ಎಲ್ಲಿಗೆ ಹಾಕಬೇಕೆಂದಿದ್ದೀರಿ?" ಅವರ ಉತ್ತರ ಕೇಳಿ ನಮಗೆ ಎದೆ ಧಸಕ್ಕೆಂದಿತು. ತಾಯಿಗಿಡಗಳು ಮುದಿಯಾದ ಮೇಲೆ ಮಡಿಯ ಪುಡಿಯನ್ನು ತೆಗೆದು ಟ್ರೇಗಳಿಗೆ ತುಂಬುವ ಯೋಚನೆ ಅವರದು! ಟ್ರೇಯ ಪುಡಿ ಟ್ರೇಯಲ್ಲಿ ಉಳಿಯುವುದಿಲ್ಲ. ಸಸಿಯ ಬೇರಿಗೆ ಅಂಟಿಕೊಂಡು ಊರವರ ಗದ್ದೆಗೆ ಹೋಗುತ್ತದೆ. ತಿನ್ನುವ ಗಡ್ಡೆಯಲ್ಲಿ ಕಜ್ಜಿ ಬಂದರೆ ಸಿಪ್ಪೆ ದಪ್ಪಗೆ ಹೆರೆದು ಪಲ್ಯ ಮಾಡಬಹುದು, ನಾವೂ ಮಾಡಿದೆವು. ಬೀಜದ ಲೆಕ್ಕ ಬೇರೆ. ಒಂದು ಗಿಡದಿಂದ ಹತ್ತು ಗಡ್ಡೆ, ಮರು ಬೆಳೆಗೆ ನೂರು, ಅದರ ಮರು ಬೆಳೆಗೆ ಸಾವಿರ. ಒಂದು ಗುಳಿಯ ಪುಡಿಯಲ್ಲಿದ್ದ ರೋಗಕ್ಕೂ ಅದೇ ಗುಣಾಕಾರ. ಜಲಂಧರದ ಬೀಜ ಕೆಟ್ಟರೆ ಕಾಣದ ವ್ಯಾಪಾರಿಯನ್ನು ಬೈಯಬಹುದು. ಪಕ್ಕದ ಊರಿನ ಪಾಲಿಹೌಸಿನ ಸಸಿ ಕೆಟ್ಟರೆ ಮದುವೆ-ಮುಂಜಿಯಲ್ಲಿ ಎದುರಾಗುವ ಮುಖಗಳಿಗೆ ಉತ್ತರ ಹೇಳಬೇಕು.

ಹಾಗಾದರೆ ಕಾಯಿಸಿ ಬಳಸಬಾರದೆ? ಬಳಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆನೆತ್ ಬೇಕರ್ 1957ರಲ್ಲಿ ಸಂಪಾದಿಸಿದ ಕೈಪಿಡಿ ಕುಂಡದ ಮಣ್ಣನ್ನು ಶುದ್ಧ ಮಾಡುವವರಿಗೆಲ್ಲ ದಾರಿ ತೋರಿಸಿತು. ಆಮೇಲೆ ಅವರು ಒತ್ತಿ ಹೇಳಿದ ಮಾತೊಂದು ನಮಗೆ ಬಹಳ ಹಿಡಿಸಿದೆ. ಮಣ್ಣನ್ನು ಕುದಿಯುವಷ್ಟು ಕಾಯಿಸಿ ಎಲ್ಲ ಜೀವವನ್ನೂ ಕೊಂದರೆ ಅದು ಖಾಲಿ ಮನೆಯಾಗುತ್ತದೆ, ಆಮೇಲೆ ಮೊದಲು ಹೊಕ್ಕ ಕಳ್ಳನೇ ಯಜಮಾನ. ಗಾಳಿ ಬೆರೆಸಿದ ಹಬೆಯಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ ಇಟ್ಟರೆ ಕೆಟ್ಟವು ಬಹುಪಾಲು ಸಾಯುತ್ತವೆ, ಒಳ್ಳೆಯವು ಒಂದಷ್ಟು ಉಳಿಯುತ್ತವೆ. ತೇಜಸ್ವಿಯವರ 'ಸಹಜ ಕೃಷಿ' ಓದಿದ ನಮ್ಮಂಥವರಿಗೆ ಕೊಲ್ಲುವ ಮಾತೇ ಸ್ವಲ್ಪ ಚುಚ್ಚುತ್ತದೆ. ಆದರೆ ಪಾಲಿಹೌಸಿನ ಮಡಿ ಕಾಡಲ್ಲವಲ್ಲ, ಅಲ್ಲಿ ತೋಳವನ್ನು ಹಿಡಿಯಲು ಹುಲಿ ಬರುವುದಿಲ್ಲ.

ಜಾರ್ಜ್‌ಟೌನಿನಲ್ಲಿ ನಮಗೆ ಒಲೆಯೂ ಬೇಡ. ಬಿಸಿಲಿನಿಂದ ಮಣ್ಣು ಶುದ್ಧ ಮಾಡುವ ಕ್ರಮವನ್ನು ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಜುಲೈ-ಆಗಸ್ಟಿನಲ್ಲಿ ತೇವ ಮಾಡಿದ ಪುಡಿಯನ್ನು ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ಕನ್ನು ನಡುವೆ ಗಾಳಿ ಬಿಟ್ಟು ಎರಡು ಪದರ ಹೊದಿಸುತ್ತೇವೆ. (ಕಪ್ಪಲ್ಲ. ಕಪ್ಪು ಹಾಳೆ ತಾನು ಕಾಯುತ್ತದೆ, ಪುಡಿಯನ್ನು ಅಷ್ಟು ಕಾಯಿಸುವುದಿಲ್ಲ.) ಪುಡಿಯ ಒಳಗೆ 70 ಡಿಗ್ರಿ ಅರ್ಧ ಗಂಟೆ ಅಥವಾ 60 ಡಿಗ್ರಿ ಒಂದು ಗಂಟೆ ನಿಲ್ಲಬೇಕು. ಥರ್ಮಾಮೀಟರನ್ನು ರಾಶಿಯ ನಡುವಿಗೇ ಚುಚ್ಚಿ ನೋಡಿ. ಮೇಲೆ ಕೈ ಸುಡುವಾಗಲೂ ದಪ್ಪ ರಾಶಿಯ ಹೊಟ್ಟೆ ತಣ್ಣಗಿರುತ್ತದೆ.

ಹಾಸನದಲ್ಲಿ ಇದು ನಡೆಯದು. ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರದ ಊರು, ಜೂನ್ ಬಂದರೆ ಮೋಡ. ಅಲ್ಲಿಗೆ ಹಬೆಯೇ ಗತಿ. ಅದರ ವಿಧಾನ ಹೊಸದೇನಲ್ಲ, ಇಡ್ಲಿ ಬೇಯಿಸುವುದೇ. ದೊಡ್ಡ ಡ್ರಮ್ಮಿನ ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಹಿಂದಿನ ದಿನವೇ ತೇವ ಮಾಡಿಟ್ಟ ಪುಡಿಯ ಗೋಣಿಚೀಲ. ಒಣ ಪುಡಿಗೆ ಶಾಖ ಹತ್ತುವುದಿಲ್ಲ, ಒದ್ದೆ ಮುದ್ದೆಯಲ್ಲಿ ಹಬೆ ನುಗ್ಗುವುದಿಲ್ಲ. ಹಿಂಡಿದರೆ ಉಂಡೆಯಾಗಿ, ತಟ್ಟಿದರೆ ಉದುರುವ ಹದ ಬೇಕು. ಚೀಲದ ನಡುವೆ 70 ದಾಟಿದ ಮೇಲೆ ಅರ್ಧ ಗಂಟೆ, ಆಮೇಲೆ ಉರಿ ತೆಗೆಯುವುದು. ತಣಿಸಲು ಹಳೆಯ ನೆಲದ ಮೇಲೆ ಹರಡಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಸಲಿಕೆ, ಬಕೆಟ್ಟು, ಚಪ್ಪಲಿ ಎಲ್ಲ ಶುದ್ಧವಿರಬೇಕು. ಒಂದೇ ಒಂದು ಗಿಡ ಸೊರಗಿದ್ದ ಮಡಿಯ ಪುಡಿಯನ್ನಂತೂ ಬೇಯಿಸುವ ಆಸೆಯನ್ನೂ ಬಿಡಬೇಕು. ಅದು ಗದ್ದೆಗಾಗಲಿ ತಿಪ್ಪೆಗಾಗಲಿ ಶುಂಠಿ ಮಡಿಗಾಗಲಿ ಹೋಗಬಾರದು, ದೂರದಲ್ಲಿ ಗುಂಡಿ ತೋಡಿ ಹೂಳುವುದೇ ಸರಿ.

ಮೂರು ಸಲ ಫೋನಾಡಿ, ಒಂದು ಸಲ ಮುನಿಸಿಕೊಂಡು, ಕೊನೆಗೆ ಭಾವನವರು ಒಪ್ಪಿದ್ದು ಹೀಗೆ. ತಾಯಿಗಿಡದ ಮಡಿಗೂ ಮಾರುವ ಸಸಿಯ ಟ್ರೇಗೂ ಪ್ರತಿ ಸಲ ಹೊಸ ಪುಡಿ. ಬೇಯಿಸಿದ ಹಳೆಯ ಪುಡಿ ಅವರದೇ ತಿನ್ನುವ ಆಲೂಗಡ್ಡೆಗೆ ಒಂದು ಸಲ, ಆಮೇಲೆ ಸೊಪ್ಪಿನ ಮಡಿಗೆ. "ಅಂದ್ರೆ ಕೊತ್ತಂಬರಿಗೆ ಇಡ್ಲಿ ಬೇಯಿಸು ಅಂತೀರ," ಎಂದು ನಕ್ಕರು. ಖರ್ಚು ಅವರಂದುಕೊಂಡಷ್ಟು ಇಳಿಯಲಿಲ್ಲ, ನಿಜ. ಹೊಸ ಪುಡಿಯ ಬೆಲೆಯನ್ನು ಸಸಿಯ ದರದಲ್ಲಿ ಸೇರಿಸಿದ್ದಾರೆ. ಕೊಳ್ಳಲು ಬಂದವರು ಯಾಕೆಂದು ಕೇಳಿದರೆ ಡ್ರಮ್ಮಿನ ಹತ್ತಿರ ಕರೆದೊಯ್ದು ತೋರಿಸುತ್ತಾರಂತೆ. ಹೋದ ವಾರ ಕಳಿಸಿದ ಫೋಟೋದಲ್ಲಿ ಡ್ರಮ್ಮಿನ ಕೆಳಗೆ ಉರಿಯುತ್ತಿದ್ದದ್ದು ತೆಂಗಿನಕಾಯಿ ಸಿಪ್ಪೆ.