ಚರಗದ ಹಾದಿಯಲ್ಲಿ ಸೈಕಲ್ ಸವಾರಿ

ಸೈಕಲ್ಲಿನ ಮೇಲೆ ದೂರದ ಊರುಗಳನ್ನು ಸುತ್ತಬಯಸುವವನಿಗೆ ನವಲಗುಂದದ ಸೀಮೆ ಮೊದಲ ನೋಟಕ್ಕೆ ಅಷ್ಟೇನೂ ಪ್ರಿಯವಾಗಿ ಕಾಣಿಸದು. ಹುಬ್ಬಳ್ಳಿಯಿಂದ ಕುಸುಗಲ್ಲು, ಹೆಬಸೂರುಗಳನ್ನು ಹಾದು ಈಶಾನ್ಯಾಭಿಮುಖವಾಗಿ ಸುಮಾರು 35 ಕಿಲೋಮೀಟರು ಸಾಗುವ ಸೊಲ್ಲಾಪುರದ ಹೆದ್ದಾರಿಯಲ್ಲಿ ಹೇಳಿಕೊಳ್ಳುವಂತಹ ಏರಿಲ್ಲ, ಇಳಿತವಿಲ್ಲ, ನೆರಳೀಯುವ ಮರಗಳೂ ವಿರಳ. ಇರುವುದೆಂದರೆ ದಿಗಂತದವರೆಗೆ ಹಬ್ಬಿದ ಎರೆಭೂಮಿ, ಅದರ ಮೇಲೆ ಹಿಂಗಾರಿಯ ಜೋಳ, ಕಡಲೆ, ಕುಸುಬೆ, ಮತ್ತು ಮಾರ್ಗಶಿರದ ಬೆಳಗುಗಳಲ್ಲಿ ಸವಾರನ ಎದೆಗೇ ನೇರವಾಗಿ ಬಂದು ತಾಗುವ ಮೂಡಣ ಗಾಳಿ. ಘಟ್ಟದ ಏರಿಗಾದರೂ ಒಂದು ತುದಿಯುಂಟು, ತುದಿ ಮುಟ್ಟಿದ ಮೇಲೆ ಇಳಿಜಾರಿನ ಸುಖವುಂಟು. ಬಯಲಿನ ಎದುರುಗಾಳಿಗೆ ಅಂತಹ ದಾಕ್ಷಿಣ್ಯವಿಲ್ಲ. ಆದರೂ ಇಡೀ ದಿನದ ಸವಾರಿಗೆ ಯೋಗ್ಯವಾದ ಹಾದಿ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವೆನು. ಅದೂ ಎಳ್ಳಮಾವಾಸ್ಯೆಯಂದೇ ಹೊರಡಿರೆಂದು ಒತ್ತಿ ಹೇಳುವೆನು.

ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಬೆಳೆಹೊತ್ತು ನಿಂತ ಭೂತಾಯಿಯನ್ನು ಪೂಜಿಸಿ, ಬುಟ್ಟಿಯಲ್ಲಿ ಹೊತ್ತು ತಂದ ಅಡಿಗೆಯ ಒಂದು ಪಾಲನ್ನು ಹೊಲದ ಸುತ್ತ ಚರಗವಾಗಿ ಚೆಲ್ಲಿ, ಅನಂತರ ಬಂಧುಬಳಗವೆಲ್ಲ ಬದುವಿನ ಮೇಲೆ ಸಾಲಾಗಿ ಕುಳಿತು ಉಣ್ಣುವ ಆ ಹೊತ್ತಿನಲ್ಲಿ, ಹಾದಿಯಲ್ಲಿ ಹೋಗುವವನನ್ನು ಕರೆಯದೆ ಬಿಡುವುದು ಈ ಕಡೆಯ ಒಕ್ಕಲುತನದ ಮನೆಗಳಿಗೆ ಗೊತ್ತೇ ಇಲ್ಲ. ಹೆಬಸೂರಿನಾಚೆ ಗಾಳಿಯೊಡನೆ ಸೆಣಸುತ್ತಿದ್ದ ನನ್ನನ್ನು ವೃದ್ಧೆಯೊಬ್ಬಳು ಕೈಯೆತ್ತಿ ನಿಲ್ಲಿಸಿದಳು: “ಏ ತಮ್ಮಾ, ಬಿಸಲಾಗ ಎಲ್ಲಿಗೆ ಹೊಂಟೀಯೋ? ಬಾ, ಒಂದ್ ತುತ್ತು ಉಂಡ್ ಹೋಗು.” ಇನ್ನೂ ಭಾಳ ದೂರ ಹೋಗೂದೈತಿ ಯವ್ವಾ ಎಂದರೆ, “ಹೊಟ್ಟಿ ತುಂಬಿದ್ರ ದಾರಿ ತಾನ ಸಾಗತೈತಿ” ಎಂಬುದು ಅವಳ ಶಾಸ್ತ್ರ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಗಟ್ಟಿಮೊಸರು ಇವೆಲ್ಲವನ್ನೂ ಆ ಶಾಸ್ತ್ರಕ್ಕನುಸಾರವಾಗಿ ಉಂಡವನಿಗೆ ಪೆಡಲು ತುಳಿಯುವುದಕ್ಕಿಂತ ಅಲ್ಲಿಯೇ ಒರಗಿಬಿಡುವುದು ಲೇಸೆನ್ನಿಸುವುದು ಸಹಜ. ಮೇಲಾಗಿ, ಇದನ್ನು ಕಂಡ ಮುಂದಿನ ಹೊಲದವರ ಮನಸ್ಸು ನೋಯದಿರಲೆಂದು ಅಲ್ಲಿಯೂ ಅರ್ಧ ಹೋಳಿಗೆಗೆ ಬಾಯೊಡ್ಡಬೇಕಾಯಿತು.

ಕಾರಿನಲ್ಲಿ ಹೋಗುವವನಿಗೆ ಈ ಭಾಗ್ಯವಿಲ್ಲ. ಕರೆದ ದನಿ ಅವನ ಕಿವಿಗೆ ಮುಟ್ಟುವುದರೊಳಗೆ ಅವನು ಮತ್ತೊಂದು ಊರಿನ ಗಡಿಯಲ್ಲಿರುತ್ತಾನೆ. ಸೈಕಲ್ಲಿನವನ ವೇಗವಾದರೋ ಮಾತಿಗೆ ಸಿಕ್ಕುವಂತಹದು. ಅವನ ಬೆವರು, ಬಾಯಾರಿಕೆ, ಬೆನ್ನಿನ ಬಾಗು ಎಲ್ಲವೂ ಬಯಲಿಗೆ ಬಿದ್ದಿರುವುದರಿಂದ ಅವನ ಬಗ್ಗೆ ಯಾರೂ ಸಂಶಯಪಡುವುದಿಲ್ಲ.

ನವಲಗುಂದ ಸೇರುವ ಹೊತ್ತಿಗೆ ಜಾಲಿಮುಳ್ಳು ಹಿಂದಿನ ಗಾಲಿಯನ್ನು ಬರಿದು ಮಾಡಿತ್ತು. ನನ್ನ ತೆಳುಗಾಲಿಯ ಸೈಕಲ್ಲಿನ ವಾಲ್ವು ಅಲ್ಲಿಯ ಅಂಗಡಿಯ ಪಂಪಿಗೆ ಹೊಂದದೆ ಹೋದಾಗ, ಪಂಕ್ಚರ್ ತಿದ್ದುವ ಚಾಚಾ ಒಬ್ಬ ಹುಡುಗನನ್ನು ಮತ್ತಾವುದೋ ಅಂಗಡಿಗೆ ಓಡಿಸಿ, ಅಷ್ಟರಲ್ಲಿ ನನ್ನನ್ನು ಹಿಂದಣ ಮನೆಯ ಜಗುಲಿಯ ಮೇಲೆ ಜಮಖಾನ ಹಾಸಿ ಕುಳ್ಳಿರಿಸಿದರು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ನವಲಗುಂದದ ಜಮಖಾನ ಅದು; ನವಿಲು, ಪಗಡೆಯ ಹಾಸು ಮೊದಲಾದ ಚಿತ್ತಾರಗಳನ್ನು ಇಲ್ಲಿಯ ಮುಸ್ಲಿಮ್ ಮನೆಗಳ ಹೆಂಗಸರು ತಲೆತಲಾಂತರದಿಂದ ನಿಲುಮಗ್ಗದ ಮೇಲೆ ನೇಯುತ್ತ ಬಂದಿದ್ದಾರೆ. ಪಂಕ್ಚರಿನ ರೊಕ್ಕವನ್ನು ಚಾಚಾ ತೆಗೆದುಕೊಂಡರು, ಮಿಕ್ಕುದಕ್ಕೆ ನಾನು ಜೇಬಿಗೆ ಕೈಹಾಕಿದಾಗ, “ಚಹಾಕ್ಕ ಯಾರರ ರೊಕ್ಕ ಕೊಡ್ತಾರೇನ್ರೀ?” ಎಂದು ನಕ್ಕುಬಿಟ್ಟರು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಯಮನೂರಿನ ಚಾಂಗದೇವರ ಜಾತ್ರೆ ಇಲ್ಲಿಗೆ ಸಮೀಪದ ಬೆಣ್ಣೆಹಳ್ಳದ ದಂಡೆಯಲ್ಲೇ ನೆರೆಯುತ್ತದೆ. ಪರಸ್ಥಳದವರಿಗೆ ಜಗುಲಿ ಬಿಟ್ಟುಕೊಡುವ ರೂಢಿ ಈ ನೆಲಕ್ಕೆ ಹೊಸತಲ್ಲ.

ದೂರದ ಸವಾರಿಗೆ ಈಗ ಜಾಗತಿಕ ನಿಯಮಗಳುಂಟು. ಬ್ರೆವೆ ಎಂದು ಕರೆಯುವ ಸವಾರಿಯಲ್ಲಿ 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ, 300ನ್ನು 20 ಗಂಟೆಯೊಳಗೆ ಮುಗಿಸಬೇಕು; ಬೆಂಗಾವಲಿನ ವಾಹನ ಹಿಂದೆ ಬರಕೂಡದು. 1891ರಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅದರ 1200 ಕಿಲೋಮೀಟರಿಗೆ 90 ಗಂಟೆಗಳ ಅವಧಿ. ಅಲ್ಲಿಯೂ ಫ್ರಾನ್ಸಿನ ಹಳ್ಳಿಗರು ನಡುರಾತ್ರಿಯಲ್ಲಿ ಮನೆಮುಂದೆ ಮೇಜು ಹಾಕಿ, ಅಪರಿಚಿತ ಸವಾರರಿಗೆ ಕಾಫಿ, ತಿನಿಸುಗಳನ್ನು ಪುಕ್ಕಟೆಯಾಗಿ ಕೊಡುತ್ತಾರೆ; ಊರು ಮುಟ್ಟಿದ ಮೇಲೆ ಒಂದು ಅಂಚೆಕಾರ್ಡು ಬರೆದರೆ ಸಾಕೆನ್ನುವವರೂ ಅವರಲ್ಲುಂಟು. ನಮ್ಮ ಮುದುಕಿ ಅದನ್ನೂ ಕೇಳಲಿಲ್ಲ.

ಹೀಗೆ ಉಣಬಡಿಸುವವರು ಉಂಡುಟ್ಟು ಮಿಕ್ಕವರೆಂದು ಭಾವಿಸಬೇಡಿ. ಬೆಣ್ಣೆಹಳ್ಳ ಮಳೆಗಾಲದಲ್ಲಿ ಒಮ್ಮೆಲೆ ಉಕ್ಕಿ ಹೊಲಗಳನ್ನು ಮುಳುಗಿಸುತ್ತದೆ. ಬೇಸಗೆಯಲ್ಲಿ ಕುಡಿಯುವ ನೀರಿಗೂ ತತ್ವಾರ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೂ ಚಿಂತೆ ತೀರದೆ, ನೀರಾವರಿಯ ಕರಭಾರದ ವಿರುದ್ಧ ರೈತರು ಎದ್ದು ನಿಂತ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲೀಬಾರಾಗಿ ಜೀವಗಳು ಹೋದವು. 2015ರಲ್ಲಿ ಮಹದಾಯಿಯ ನೀರಿಗಾಗಿ ಇದೇ ಊರುಗಳು ಮತ್ತೆ ಬೀದಿಗಿಳಿದವು. ಇಂತಹ ಸೀಮೆಯಲ್ಲಿ ಕೇಳದೆಯೇ ಚರಿಗೆ ತುಂಬ ನೀರು ಕೊಡುವವರ ಔದಾರ್ಯವನ್ನು ಅಳೆಯುವಾಗ ಆ ನೀರು ಎಲ್ಲಿಂದ ಬಂತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಣ್ಣಿಗೇರಿಯ ಮೇಲೆ ಬಳಸಿ ಶಿರಗುಪ್ಪಿಯ ಮಾರ್ಗವಾಗಿ ಹಿಂದಿರುಗುವಾಗ ಅದೇ ಮೂಡಣ ಗಾಳಿ ಬೆನ್ನಿಗೆ ಬಂದು ನೂಕಿದ್ದರಿಂದ ಹುಬ್ಬಳ್ಳಿ ಬೇಗ ಬಂದಿತು. ಆ ಭಾಗದ ಬಗೆಗೆ ಹೇಳುವಂತಹದೇನಿಲ್ಲ. ಹೇಳಬೇಕಾದುದು ಹುಬ್ಬಳ್ಳಿ–ಧಾರವಾಡದ ಸೈಕಲ್ ಸವಾರರಿಗೆ. ಬೇಸಗೆಯ ದಾರಿಹೋಕರಿಗೆ ಅರವಟ್ಟಿಗೆ ಇಡುವ ಹಳೆಯ ಪದ್ಧತಿ ಬಾಟಲಿ ನೀರಿನ ಈ ಕಾಲದಲ್ಲಿ ಕ್ಷೀಣಿಸುತ್ತಿದೆ. ಎಳ್ಳಮಾವಾಸ್ಯೆಯಂದು ಈ ಹೊಲಗಳಲ್ಲಿ ಉಂಡವರು, ಬರುವ ಯುಗಾದಿಯಿಂದ ಮಳೆ ಬೀಳುವವರೆಗಾದರೂ, ಹೆಬಸೂರಿಗೂ ನವಲಗುಂದಕ್ಕೂ ನಡುವಣ ನೆರಳಿಲ್ಲದ ಹಾದಿಯಲ್ಲಿ ಚಪ್ಪರ ಹಾಕಿ, ಒಂದೆರಡು ಮಡಕೆ ತಣ್ಣೀರಿಡುವ ಏರ್ಪಾಡನ್ನು ದಯಮಾಡಿ ಮಾಡಬೇಕು.