ಚಂಡಮಾರುತ ಚೆನ್ನೈಗೆ, ಸಸಿ ಸಾಯೋದು ಕೋಲಾರದಲ್ಲಿ

ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ ಅಂದ್ರೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಸಸಿಮಡಿಗಳಲ್ಲಿ ಟ್ರೇ ಇಡೋಕೆ ಜಾಗ ಇರಲ್ಲ. ಟೊಮೆಟೊ, ಕ್ಯಾಪ್ಸಿಕಂ, ಹೂಕೋಸು ಎಲ್ಲ ಒಟ್ಟಿಗೆ ಬೆಳೀತಾ ಇರುತ್ತವೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳೋದೂ ಸರಿಯಾಗಿ ಅದೇ ಹೊತ್ತಿಗೆ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಮಾಮಲ್ಲಪುರಂ ಹತ್ತಿರ ದಡ ಮುಟ್ಟಿತು. 2023ರ ಡಿಸೆಂಬರ್ 5ರಂದು ಮಿಚಾಂಗ್ ಆಂಧ್ರದ ಬಾಪಟ್ಲಾ ಬಳಿ. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಬಳಿ ದಾಟಿ, ಅದರ ಶೇಷ ನಮ್ಮ ಒಳನಾಡಿನ ಮೇಲೇ ಹಾದು ಅರಬ್ಬಿ ಸಮುದ್ರದ ಕಡೆ ಹೋಯಿತು.

ಕೋಲಾರ ಪೂರ್ವ ಕರಾವಳಿಯಿಂದ 200 ಕಿಲೋಮೀಟರ್‌ಗಿಂತ ದೂರ. ಟಿವಿಯಲ್ಲಿ ತೋರಿಸೋ ಮರ ಕಿತ್ತು ಬೀಳೋ ಗಾಳಿ ನಮ್ಮವರೆಗೆ ಸಾಮಾನ್ಯವಾಗಿ ಬರಲ್ಲ. ನಮಗೆ ಬರೋದು ಒಂದು ರಾತ್ರಿಯ ಬೀಸುಗಾಳಿ, ಆಮೇಲೆ ಮೂರು ನಾಲ್ಕು ದಿನ ಬಿಸಿಲೇ ಇಲ್ಲದ ಜಡಿ ಮಳೆ. ಎಲ್ಲರೂ ತಯಾರಾಗೋದು ಆ ಒಂದು ರಾತ್ರಿಗೆ. ಟ್ರೇಗಟ್ಟಲೆ ಸಸಿ ಹೋಗೋದು ಆಮೇಲಿನ ನಾಲ್ಕು ದಿನದಲ್ಲಿ. ಮಳೆ ನಿಂತರೂ ಮರದ ಹನಿ ನಿಲ್ಲದು ಅಂತಾರಲ್ಲ, ಪಾಲಿಟನಲ್ ಒಳಗೆ ನಡೆಯೋದು ಅದೇ.

ಹೋದದ್ದು ಬರೀ ಸಸಿ ಅಲ್ಲ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಟೊಮೆಟೊ ಸಸಿ ಮತ್ತೆ ನಾಟಿಗೆ ಬರಬೇಕಂದ್ರೆ 25ರಿಂದ 30 ದಿನ, ಕ್ಯಾಪ್ಸಿಕಂ ಇನ್ನೂ ಒಂದು ವಾರ ಹೆಚ್ಚು. ಅಷ್ಟು ದಿನ ಮಲ್ಚಿಂಗ್ ಹಾಕಿ, ಡ್ರಿಪ್ ಎಳೆದು ಕಾಯ್ತಾ ಇರೋ ಹೊಲ ಖಾಲಿ ಇರುತ್ತೆ. ಮುಂಗಡ ಕೊಟ್ಟ ರೈತನಿಗೆ ಫೋನಿನಲ್ಲಿ ಏನು ಹೇಳ್ತೀರಿ?

ಗಾಳಿ ಒತ್ತಲ್ಲ, ಎತ್ತುತ್ತೆ

ಮೊದಲು ಆ ಒಂದು ರಾತ್ರಿಯ ವಿಷಯ. ಕಮಾನಿನ ಆಕಾರದ ಟನಲ್ ಮೇಲೆ ಗಾಳಿ ಹಾಯುವಾಗ ಶೀಟನ್ನು ಮೇಲಕ್ಕೆ ಎಳೆಯುತ್ತೆ. ಬಾಗಿಲು ಅಥವಾ ಪರದೆ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿಂದಲೂ ನೂಕುತ್ತೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಗಂಟೆಗೆ 50 ಕಿಮೀ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 12 ಕೆಜಿ. 6 ಮೀಟರ್ ಅಗಲ, 20 ಮೀಟರ್ ಉದ್ದದ ಟನಲ್ ಅಂದ್ರೆ 120 ಚದರ ಮೀಟರ್. ಹೆಚ್ಚುಕಮ್ಮಿ ಒಂದು ಟನ್ ಎಳೆತ ಅಂತ ಇಟ್ಕೊಳ್ಳಿ. ನಾಲ್ಕು ಮೂಲೆಗೆ ನಾಲ್ಕು ಮರಳು ಚೀಲ ಇಟ್ಟು ನಿದ್ದೆ ಮಾಡೋರು ಈ ಲೆಕ್ಕ ಒಂದು ಸಲ ಹಾಕಿ ನೋಡಬೇಕು: 50 ಕೆಜಿಯ ಚೀಲ ಆದರೆ ಇಪ್ಪತ್ತು ಬೇಕು.

ಅದಕ್ಕೇ ಭಾರಕ್ಕಿಂತ ಹಿಡಿತ ಮುಖ್ಯ. ಹೊಸದಾಗಿ ಕಟ್ಟೋರು ಕಮಾನಿನ ಕಾಲುಗಳಿಗೆ ಕಾಂಕ್ರೀಟ್ ಹಾಕಿಸಿ, ಶೀಟಿನ ದಪ್ಪದ ಬಗ್ಗೆ ಚೌಕಾಸಿ ಆಮೇಲೆ ಮಾಡಿ. ಈಗಾಗಲೇ ಇರೋ ಸಣ್ಣ ಟನಲ್‌ಗೆ ಎರಡಡಿ ಉದ್ದದ ಕಬ್ಬಿಣದ ಗೂಟಗಳನ್ನು ತಲೆ ಹೊರಕ್ಕೆ ವಾಲುವಂತೆ ಓರೆಯಾಗಿ ಬಡಿಯಿರಿ. ನೇರ ಬಡಿದ ಗೂಟ ನೇರವಾಗೇ ಎದ್ದು ಬರುತ್ತೆ. ಸುತ್ತ ಒಂದಡಿ ಆಳದ ಕಾಲುವೆ ತೆಗೆದು ನೀರು ದೂರಕ್ಕೆ ಹರಿಯೋ ಹಾಗೆ ಮಾಡಿ. ನಮ್ಮ ಕೆಂಪು ಮಣ್ಣು ಒಣಗಿದಾಗ ಕಲ್ಲಿನ ಹಾಗೆ ಹಿಡಿಯುತ್ತೆ, ನೆನೆದರೆ ಬೆಣ್ಣೆ. ಹೋದ ತಿಂಗಳು ಅಲ್ಲಾಡದ ಗೂಟ ಮಳೆ ರಾತ್ರಿಯಲ್ಲೂ ಅಲ್ಲಾಡಲ್ಲ ಅನ್ನೋ ಧೈರ್ಯ ಬೇಡ.

ಶೀಟು ಸಡಿಲ ಇದ್ದರೆ ಪಟಪಟ ಬಡಿದುಕೊಂಡು ಪೈಪಿಗೆ ತಾಗೋ ಜಾಗದಲ್ಲಿ ಹರಿಯುತ್ತೆ. ಬಿಗಿ ಮಾಡೋ ಕೆಲಸ ಗಾಳಿ ಇಲ್ಲದ, ಬಿಸಿಲಿರೋ ಮಧ್ಯಾಹ್ನ ಮಾಡಿ. ಬಿಸಿಗೆ ಹಿಗ್ಗಿದ ಶೀಟು ತಣ್ಣಗಾದ ಮೇಲೆ ತಾನೇ ಬಿಗಿಯಾಗುತ್ತೆ. ಜಿಗ್‌ಜ್ಯಾಗ್ ಸ್ಪ್ರಿಂಗ್ ಎಲ್ಲಿ ಚಾನೆಲ್ ಬಿಟ್ಟು ಎದ್ದಿದೆ ಅಂತ ಕೈಯಾಡಿಸಿ ನೋಡಿ. ಸಣ್ಣ ತೂತಿಗೆ ಪಾಲಿಹೌಸ್ ಟೇಪನ್ನು ಒಳಗೂ ಹೊರಗೂ ಹಚ್ಚಿ, ಸಾದಾ ಸೆಲ್ಲೋಟೇಪ್ ಎರಡು ದಿನವೂ ಬರಲ್ಲ. ಕಮಾನು ಕಮಾನಿನ ನಡುವೆ ಮೇಲಿಂದ ಹಗ್ಗ ಎಳೆದು ಕಟ್ಟೋದಾದ್ರೆ, ಹಳೇ ಡ್ರಿಪ್ ಲ್ಯಾಟರಲ್ ಒಳಗೆ ಹಗ್ಗ ತೂರಿಸಿ. ಬರೀ ನೈಲಾನ್ ಹಗ್ಗ ಚಾಕುವಿನ ಹಾಗೆ ಶೀಟು ಕೊಯ್ಯುತ್ತೆ.

ಟನಲ್ ಮೇಲೆ ಹೊರಗಿನಿಂದ ಶೇಡ್ ನೆಟ್ ಹೊದಿಸಿದ್ರೆ ಬಿಚ್ಚಿ ಸುತ್ತಿಡಿ. ಗಾಳಿಗೆ ಅದು ಹಡಗಿನ ಹಾಯಿ ಆಗುತ್ತೆ.

ಪಾಲಿಹೌಸ್ ಇರೋರಿಗೆ ಇನ್ನೊಂದು ವಿಷಯ. ಮೇಲಿನ ಕಿಂಡಿಯನ್ನು ಸಾಮಾನ್ಯವಾಗಿ ಆ ಊರಲ್ಲಿ ಹೆಚ್ಚು ಬೀಸೋ ಗಾಳಿಗೆ ಬೆನ್ನು ಮಾಡಿ ಇಡ್ತಾರೆ. ನಮ್ಮಲ್ಲಿ ಮುಂಗಾರು ಗಾಳಿ ಪಡುವಣದಿಂದ, ಹಾಗಾಗಿ ಕಿಂಡಿ ಮೂಡಣಕ್ಕೆ. ಹಿಂಗಾರಿನ ಚಂಡಮಾರುತ ಬಂದಾಗ ಈ ಲೆಕ್ಕ ತಲೆಕೆಳಗು. ಅದು ಕೊಲ್ಲಿಯಲ್ಲಿ ಇರುವಾಗ ನಮಗೆ ಗಾಳಿ ಬಡಗಣದಿಂದ ಬರುತ್ತೆ. ನಮ್ಮ ತೆಂಕಣಕ್ಕೆ ಹಾದು ಹೋದರೆ ಗಾಳಿ ಮೂಡಣಕ್ಕೆ ತಿರುಗಿ ನೇರ ಕಿಂಡಿಗೇ ನುಗ್ಗುತ್ತೆ. ಮುಚ್ಚೋಕೆ ಬರೋ ಕಿಂಡಿಯಾದ್ರೆ ಹಿಂದಿನ ದಿನವೇ ಮುಚ್ಚಿ. ಬರಲ್ಲ ಅಂದ್ರೆ ನಾಲ್ಕೂ ಕಡೆ ಪರದೆ ಇಳಿಸಿ, ಕೆಳ ಅಂಚನ್ನು ಕಟ್ಟಿಹಾಕಿ. ಒಂದು ದಿಕ್ಕು ಮಾತ್ರ ಮುಚ್ಚಿ ಕೂತರೆ ಆಗಲ್ಲ.

ಫೋನಿನಲ್ಲಿ ಏನು ನೋಡ್ಬೇಕು

ಮೇಘದೂತ್ ಆ್ಯಪಿನ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಹೊಸದಾಗುತ್ತೆ. ಚಂಡಮಾರುತ ಅಷ್ಟು ಕಾಯಲ್ಲ. ಅದು ಎದ್ದ ಮೇಲೆ ಭಾರತೀಯ ಹವಾಮಾನ ಇಲಾಖೆ ಮೂರು ಗಂಟೆಗೊಮ್ಮೆ ಪ್ರಕಟಣೆ ಕೊಡುತ್ತೆ, ಅದನ್ನೇ ನೋಡಿ. ವಾಟ್ಸಾಪಿನಲ್ಲಿ ತಿರುಗೋ ಕೆಂಪು ನಕ್ಷೆಗಳಲ್ಲಿ ಅರ್ಧ ಹೋದ ವರ್ಷದ್ದೇ ಇರುತ್ತವೆ. ಗಾಳಿಯ ಆ್ಯಪ್‌ಗಳಲ್ಲಿ ಸರಾಸರಿ ವೇಗ ಬಿಟ್ಟು ಬೀಸಿನ ವೇಗ ಓದಿ, ಶೀಟು ಹರಿಯೋದು ಬೀಸಿಗೆ. ಅಳತೆ ಯಾವುದು ಅಂತಲೂ ನೋಡ್ಕೊಳ್ಳಿ. 25 ಅಂತ ಕಂಡು ಸುಮ್ಮನಾಗ್ತೀರಿ, ಅದು ನಾಟ್ ಆಗಿದ್ರೆ ಗಂಟೆಗೆ 46 ಕಿಮೀ.

ಮಳೆಗೆ ಮುಂಚೆ ಟನಲ್ಲನ್ನು ಒಳಗೂ ಹೊರಗೂ ತಾರೀಖು, ಜಾಗ ಬೀಳೋ ಹಾಗೆ ಫೋಟೋ ತೆಗೆದಿಡಿ. ಟನಲ್‌ಗೆ ಬೇರೆ ವಿಮೆ ಮಾಡಿಸಿದ್ರೆ ಅದು ಬೇಕಾಗುತ್ತೆ.

ರಾತ್ರಿ ಗಾಳಿ ಜೋರಾದ ಮೇಲೆ ಒಳಗೆ ಹೋಗ್ಬೇಡಿ. ಫಾಗರ್ ಮೋಟರಿನ ಮೇನ್ ಸ್ವಿಚ್ ಸಂಜೆಯೇ ತೆಗೀರಿ. ಶೀಟು ಒಂದು ಕಡೆ ಕಿತ್ತು ಕಮಾನು ಬಾಗೋಕೆ ಶುರುವಾದ್ರೆ ಶೀಟು ಕೊಯ್ದು ಗಾಳಿಗೆ ದಾರಿ ಬಿಡೋದು ಲೇಸು ಅಂತ ಅನುಭವಸ್ಥರು ಹೇಳ್ತಾರೆ, ಅದು ನಿಜ ಕೂಡ. ಶೀಟು ಮತ್ತೆ ಹಾಕಿಸಬಹುದು, ಪೈಪ್ ಬಾಗಿದ್ರೆ ಇಡೀ ಟನಲ್ಲೇ ಹೋಯ್ತು. ಆದ್ರೆ ಕತ್ತಲಲ್ಲಿ ಒಬ್ಬರೇ ಏಣಿ ಹತ್ತಿ ಮಾಡೋ ಕೆಲಸ ಅಲ್ಲ.

ಕಮಾನುಗಳ ನಡುವೆ ಶೀಟು ಜೋತು ಬಿದ್ದು ನೀರು ನಿಂತ್ರೆ ಅದೂ ಅಪಾಯ. ಒಂದು ಚದರ ಮೀಟರಿನಲ್ಲಿ 10 ಸೆಂಟಿಮೀಟರ್ ನೀರು ಅಂದ್ರೆ 100 ಕೆಜಿ. ಗಾಳಿ ತಗ್ಗಿದ ಮೇಲೆ ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ ಒಳಗಿಂದ ಮೆಲ್ಲಗೆ ಎತ್ತಿ ಸುರಿಸಿ.

ಆಮೇಲಿನ ನಾಲ್ಕು ದಿನ

ಟನಲ್ ನಿಂತಿದೆ, ಶೀಟು ಸರಿ ಇದೆ. ಹೊರಗೆ ತುಂತುರು, ಚಳಿ. ಎಲ್ಲರೂ ಮಾಡೋದು ಒಂದೇ: ಸಸಿಗೆ ಚಳಿ ಆಗುತ್ತೆ ಅಂತ ಪರದೆ ಹಾಗೇ ಮುಚ್ಚಿಡೋದು. ನಮ್ಮ ಕಡೆಯ 14 ಡಿಗ್ರಿ ರಾತ್ರಿಗೆ ಟೊಮೆಟೊ ಸಸಿ ಬೆಳವಣಿಗೆ ನಿಧಾನ ಆಗುತ್ತೆ, ಸಾಯಲ್ಲ. ಸಾಯಿಸೋದು ತೇವ. ಶೀಟಿನ ಒಳಮೈಗೆ ಹನಿ ಕಟ್ಟಿ ಎಲೆ ಮೇಲೆ ಉದುರುತ್ತೆ, ಟ್ರೇಯ ಕೊಕೊಪಿಟ್ ಒಣಗೋದೇ ಇಲ್ಲ, ಪಿಥಿಯಂ, ರೈಜೋಕ್ಟೋನಿಯಾ ಶಿಲೀಂಧ್ರಗಳಿಗೆ ಹಬ್ಬ. ಮಣ್ಣಿನ ಮಟ್ಟದಲ್ಲಿ ಕಾಂಡ ದಾರದ ಹಾಗೆ ಸಣ್ಣಗಾಗಿ ಸಸಿ ಮಲಗುತ್ತೆ. ಬೆಳಗ್ಗೆ ಟ್ರೇಯಲ್ಲಿ ಮೂರು ಸಸಿ ಮಲಗಿದ್ರೆ ಸಂಜೆಗೆ ಅಂಗೈಯಗಲ ಖಾಲಿ.

ಆದ್ದರಿಂದ ಬೀಸುಗಾಳಿ ತಗ್ಗಿದ ತಕ್ಷಣ, ಮಳೆ ಹನೀತಿದ್ರೂ ಸರಿ, ಗಾಳಿ ಬರೋ ದಿಕ್ಕಿಗೆ ಎದುರು ಬದಿಯ ಪರದೆ ಒಂದು ಮೊಳ ಎತ್ತಿ. ಬೆಳಗ್ಗೆ ಶೀಟನ್ನು ಕೈಯಿಂದ ತಟ್ಟಿದ್ರೆ ಹನಿ ಬದಿಗೆ ಜಾರಿ ಹೋಗುತ್ತೆ. ನೀರು ಕೊಡೋದನ್ನ ಮಳೆಗೆ ಒಂದು ದಿನ ಮುಂಚೆಯೇ ನಿಲ್ಲಿಸಿ. ಆಮೇಲೂ ಗಡಿಯಾರ ನೋಡಿ ನೀರು ಹಾಕ್ಬೇಡಿ, ಟ್ರೇ ಎತ್ತಿ ಭಾರ ನೋಡಿ ಹಾಕಿ. ಟ್ರೇಗಳು ನೆಲಕ್ಕೆ ತಾಗದೆ ಇಟ್ಟಿಗೆ ಅಥವಾ ಸ್ಟ್ಯಾಂಡ್ ಮೇಲೆ ಇರಲಿ, ನಡುವೆ ಗಾಳಿಯಾಡೋಕೆ ಸ್ವಲ್ಪ ಜಾಗ ಬಿಡಿ.

ಟ್ರೈಕೊಡರ್ಮಾ ಬಗ್ಗೆ ಒಂದು ಮಾತು. ರೋಗ ಬಂದ ಮೇಲೆ ಅಂಗಡಿಗೆ ಓಡಿ ತಂದು ಸುರಿಯೋರೇ ಜಾಸ್ತಿ. ಅದು ಕೆಲಸ ಮಾಡೋದು ಮೊದಲೇ ಜಾಗ ಹಿಡಿದು ಕೂತಿದ್ರೆ. ಬಿತ್ತೋ ಮುಂಚೆ ಕೊಕೊಪಿಟ್ ಜೊತೆ ಬೆರೆಸಿ. ಹೆಸರಘಟ್ಟದ ಐಐಎಚ್‌ಆರ್‌ನ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಟಿಯಂ ಬಳಸೋರೂ ಅಷ್ಟೇ, ಬಿತ್ತನೆಯಿಂದಲೇ ಶುರು ಮಾಡಿ. ರೋಗ ಕಾಣಿಸಿದ ಮೇಲೆ ಮಲಗಿದ ಸಸಿ ಮತ್ತು ಸುತ್ತಲಿನ ಒಂದು ಸಾಲು ಕುಳಿಗಳನ್ನು ಕೊಕೊಪಿಟ್ ಸಮೇತ ಕಿತ್ತು ದೂರ ಹಾಕಿ. ಟನಲ್ ಬಾಗಿಲ ಪಕ್ಕ ಗುಡ್ಡೆ ಹಾಕೋದಲ್ಲ. ದೊಡ್ಡ ಟೊಮೆಟೊ ಸಸಿಗಳಲ್ಲಿ ಎಲೆ ಅಂಚು ನೀರು ಕುಡಿದ ಹಾಗೆ ಕಪ್ಪಾಗ್ತಿದ್ರೆ ಅದು ಅಂಗಮಾರಿ. ಅಂಥ ಟ್ರೇ ಯಾರ ಹೊಲಕ್ಕೂ ಕಳಿಸ್ಬೇಡಿ.

ಈ ಹೊತ್ತಿಗೆ ರೈತರ ಫೋನ್ ಶುರುವಾಗುತ್ತೆ: "ಅಣ್ಣಾ, ಹೇಗೂ ಮಳೆ ಬಂದಿದೆ, ಸಸಿ ಕೊಟ್ಬಿಡಿ, ನಾಟಿ ಮಾಡ್ಬಿಡ್ತೀವಿ." ಕೊಡ್ಬೇಡಿ. ನಾಲ್ಕು ದಿನ ಬಿಸಿಲು ಕಾಣದ ಸಸಿ ಸೊರಗಿ ಉದ್ದಕ್ಕೆ ಎಳೆದಿರುತ್ತೆ, ನೀರು ನಿಂತ ಸಾಲಿನಲ್ಲಿ ಬೇರು ಬಿಡಲ್ಲ. ಮೂರು ದಿನ ಕಾಯಿಸಿ, ಬೈಸಿಕೊಳ್ಳಿ.

ಐದನೇ ದಿನ ಮೋಡ ಹರಿದು ಸುಡು ಬಿಸಿಲು ಬೀಳುತ್ತೆ. ಖುಷಿಗೆ ಎಲ್ಲ ತೆರೆದು ಬಿಟ್ರೆ ಹನ್ನೊಂದು ಗಂಟೆಗೆ ಸಸಿಗಳು ತಲೆ ಬಾಗಿಸ್ತವೆ. ಅದನ್ನ ಬಾಯಾರಿಕೆ ಅಂದ್ಕೊಂಡು ನೀರು ಹಾಕಿದ್ರೆ ಮತ್ತೆ ಕೊಳೆ. ಸುತ್ತಿಟ್ಟ ಶೇಡ್ ನೆಟ್ ಈಗ ಬೇಕು: ಮೊದಲ ಎರಡು ದಿನ ಹತ್ತರಿಂದ ಮೂರು ಗಂಟೆವರೆಗೆ ಎಳೆಯಿರಿ, ಪರದೆ ಎರಡೂ ಬದಿ ಪೂರ್ತಿ ಎತ್ತಿ, ಮೂರನೇ ದಿನ ನೆಟ್ ತೆಗೆದುಬಿಡಿ.