ಮಹಡಿಯ ಕಂಪ್ಯೂಟರ್ ಓಗೊಡದಿದ್ದಾಗ

ಕಾಸರಗೋಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಸುದ್ದಿಯೇನಲ್ಲ. ಆದರೆ ಕಳೆದ ಮಳೆಗಾಲದ ಒಂದು ರಾತ್ರಿ ಹೋಗಿ ಬಂದ ಕರೆಂಟು ನಮ್ಮ ಮನೆಗೆ ಎರಡು ದಿನಗಳ ತಲೆನೋವನ್ನು ಉಳಿಸಿಹೋಯಿತು.

ನನ್ನ ವಕೀಲಿ ವೃತ್ತಿಯ ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿದೆ. ಕನ್ನಡ ಮಾಧ್ಯಮದ ಹತ್ತನೆಯ ತರಗತಿಯಲ್ಲಿ ಓದುವ ಮಗಳ ಹಳೆಯ ಲ್ಯಾಪ್‌ಟಾಪ್ ಕೆಳಗಿನ ಪಡಸಾಲೆಯಲ್ಲಿದೆ. ಕನ್ನಡದಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಹಳೆಯ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲವೆಂಬುದು ಓದುಗರಿಗೆ ತಿಳಿದೇ ಇದೆ. ಅಧ್ಯಾಪಕರಿಂದಲೂ ಹಿರಿಯ ವಿದ್ಯಾರ್ಥಿಗಳಿಂದಲೂ ಕೂಡಿಸಿದ ಅವೆಲ್ಲವೂ ಮಹಡಿಯ ಯಂತ್ರದಲ್ಲಿವೆ. ಅದರಲ್ಲಿ ಮಗಳಿಗೆ ಪ್ರತ್ಯೇಕ ಖಾತೆ ತೆರೆದುಕೊಟ್ಟಿದ್ದೆ. ನಾನು ಅದರ ಮುಂದೆ ಇಲ್ಲದ ಹೊತ್ತಿನಲ್ಲಿ ಅವಳು ಕೆಳಗೆ ಕುಳಿತೇ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆ ಯಂತ್ರವನ್ನು ತೆರೆದು ಓದುತ್ತಿದ್ದಳು.

ಓಣಂ ಪರೀಕ್ಷೆ ಹತ್ತಿರವಾಗಿತ್ತು. ಬೆಳಗ್ಗೆ ಅವಳ ಕೂಗು ಕೇಳಿತು: “ಅಪ್ಪಾ, ಮೇಲಿನ ಕಂಪ್ಯೂಟರ್ ಸಿಗ್ತಾ ಇಲ್ಲ.”

ಅವಸರದಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಅಂತರ್ಜಾಲದಲ್ಲಿ ಹುಡುಕಿ, ಮೊದಲು ಕಂಡ ‘ಸಹಾಯವಾಣಿ’ಗೆ ಫೋನು ಮಾಡಿದೆ. ಅತ್ತ ಕಡೆಯವನು ಬಹಳ ವಿನಯದಿಂದ ಮಾತನಾಡಿದ. ಒಂದು ಆ್ಯಪ್ ಹಾಕಿಕೊಂಡು ತೆರೆಯ ಮೇಲೆ ಮೂಡುವ ಸಂಖ್ಯೆಯನ್ನು ಓದಿ ಹೇಳಬೇಕೆಂದ. ಸಂಖ್ಯೆಯ ಅರ್ಧವನ್ನು ಓದುವಷ್ಟರಲ್ಲಿ, ಎದುರಿನ ಕಪಾಟಿನಲ್ಲಿದ್ದ ಕಕ್ಷಿದಾರರ ಕಡತಗಳು ಕಣ್ಣಿಗೆ ಬಿದ್ದವು. ಅವರು ನನ್ನನ್ನು ನಂಬಿ ಕೊಟ್ಟ ದಾಖಲೆಗಳ ಪ್ರತಿಗಳು ಅದೇ ಯಂತ್ರದಲ್ಲಿವೆ. ಗುರುತಿಲ್ಲದವನಿಗೆ ಬೀಗದ ಕೈಯನ್ನೇ ಕೊಡಹೊರಟಿದ್ದೆನಲ್ಲಾ ಎಂದು ಎದೆ ಝಲ್ಲೆಂದಿತು. ಫೋನು ಇಟ್ಟೆ, ಆ್ಯಪನ್ನು ಅಳಿಸಿದೆ.

ಆಮೇಲೆ ಅಪ್ಪ-ಮಗಳು ಕೂಡಿ ಒಂದೊಂದಾಗಿ ಪರೀಕ್ಷಿಸಿದೆವು. ಇಲ್ಲಿ ನನ್ನ ವೃತ್ತಿಯ ಒಂದು ಪಾಠ ಉಪಯೋಗಕ್ಕೆ ಬಂತು. ಸಮನ್ಸ್ ಜಾರಿಯಾಗದೆ ಮರಳುವುದು ಬೇರೆ, ಜಾರಿಯಾದ ಮೇಲೆ ಅರ್ಜಿ ವಜಾ ಆಗುವುದು ಬೇರೆ. ಕಂಪ್ಯೂಟರೂ ಹಾಗೆಯೇ. ‘ಸಂಪರ್ಕಿಸಲು ಆಗುತ್ತಿಲ್ಲ’ ಎಂದರೆ ನಮ್ಮ ಕರೆ ಬಾಗಿಲನ್ನೇ ಮುಟ್ಟಿಲ್ಲ. ವಿಳಾಸವನ್ನೂ ದಾರಿಯನ್ನೂ ನೋಡಬೇಕು. ‘ಬಳಕೆದಾರನ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಎಂದರೆ ಕರೆ ಬಾಗಿಲನ್ನು ಮುಟ್ಟಿದೆ. ಕೀಲಿ ಮಾತ್ರ ತಪ್ಪಿದೆ. ತೆರೆಯ ಮೇಲಿನ ಆ ಒಂದು ಸಾಲನ್ನು ನಿಧಾನವಾಗಿ ಓದಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದಾಗಿ, ಮಹಡಿಯ ಯಂತ್ರ ಎಚ್ಚರವಾಗಿದೆಯೇ? ನಿದ್ರಾಸ್ಥಿತಿಗೆ ಜಾರಿದ ಯಂತ್ರ ಕರೆಗೆ ಓಗೊಡುವುದಿಲ್ಲ. ಕರೆಂಟು ಹೋಗಿ ಬಂದರೆ ಹಲವು ಯಂತ್ರಗಳು ತಾವಾಗಿ ಮತ್ತೆ ಚಾಲೂ ಆಗುವುದೂ ಇಲ್ಲ.

ಎರಡನೆಯದಾಗಿ, ಎರಡೂ ಯಂತ್ರಗಳು ಒಂದೇ ವೈಫೈಯಲ್ಲಿವೆಯೇ? ಕರೆಂಟು ಇಲ್ಲದಾಗ ಲ್ಯಾಪ್‌ಟಾಪನ್ನು ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಮರೆತಿರುವುದುಂಟು. ಅತಿಥಿಗಳಿಗೆಂದು ಇಟ್ಟ ವೈಫೈಯಿಂದಲೂ ಮನೆಯ ಬೇರೆ ಯಂತ್ರಗಳು ಸಾಮಾನ್ಯವಾಗಿ ಕಾಣುವುದಿಲ್ಲ.

ಮೂರನೆಯದಾಗಿ, ವಿಳಾಸ ಬದಲಾಗಿದೆಯೇ? ರೂಟರ್ ಪ್ರತಿ ಯಂತ್ರಕ್ಕೂ ಐಪಿ ಎಂಬ ಸಂಖ್ಯಾವಿಳಾಸವನ್ನು ಹಂಚುತ್ತದೆ; ಅದು ಶಾಶ್ವತವಲ್ಲ. ಮಹಡಿಯ ಯಂತ್ರದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ ಎಂದು ಬರೆದರೆ ಈಗಿನ ವಿಳಾಸ ತಿಳಿಯುತ್ತದೆ. ನಮ್ಮ ದೋಷ ಸಿಕ್ಕಿದ್ದು ಇಲ್ಲಿಯೇ. 192.168.1.5 ಆಗಿದ್ದ ವಿಳಾಸ ಆ ರಾತ್ರಿಯ ನಂತರ 192.168.1.9 ಆಗಿತ್ತು. ಪಾಪ, ಮಗಳು ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿದ್ದಳು! ಮುಂದೆ ಹೀಗಾಗದಂತೆ ರೂಟರ್‌ನಲ್ಲಿ ಆ ಯಂತ್ರಕ್ಕೆ ಒಂದು ವಿಳಾಸವನ್ನು ಕಾಯ್ದಿರಿಸಿದೆವು.

ಇತರರಿಗೆ ಬೇರೆ ಕಾರಣಗಳೂ ಇರಬಹುದು. ವಿಂಡೋಸ್‌ನ ಹೋಮ್ ಆವೃತ್ತಿಯಿಂದ ಇನ್ನೊಂದು ಯಂತ್ರಕ್ಕೆ ಹೋಗಬಹುದೇ ಹೊರತು, ಈ ಸೌಲಭ್ಯದಿಂದ ಅದರೊಳಗೆ ಬರಲಾಗದು. ಅದಕ್ಕೆ ಪ್ರೊ ಆವೃತ್ತಿ ಬೇಕು. ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಆಗಿರಬೇಕು, ಫೈರ್‌ವಾಲ್ ಅದನ್ನು ತಡೆಯದಿರಬೇಕು. ಮಗಳ ಖಾತೆಯಂಥ ಸಾಮಾನ್ಯ ಖಾತೆಯನ್ನು ರಿಮೋಟ್ ಬಳಕೆದಾರರ ಪಟ್ಟಿಗೆ ಸೇರಿಸಬೇಕು. ಆ ಖಾತೆಗೆ ಪಾಸ್‌ವರ್ಡ್ ಇರಲೇಬೇಕು. ಯಂತ್ರದ ಮುಂದೆ ಕುಳಿತು ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ಸಲ್ಲದು.

ಇಷ್ಟೂ ಮನೆಯೊಳಗಿನ ಮಾತು. ಹೊರ ಊರಿನಿಂದಲೂ ಸಂಪರ್ಕ ಬೇಕೆಂದು ರೂಟರ್‌ನಲ್ಲಿ 3389 ಎಂಬ ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಡಲು ಕೆಲವರು ಸಲಹೆ ನೀಡುತ್ತಾರೆ. ಅದು ಬೇಡ. 2019ರ ಮೇ ತಿಂಗಳಿನಲ್ಲಿ ಬೆಳಕಿಗೆ ಬಂದ ‘ಬ್ಲೂಕೀಪ್’ ದೋಷದಲ್ಲಿ, ಹಳೆಯ ವಿಂಡೋಸ್ ಯಂತ್ರಗಳಿಗೆ ಪಾಸ್‌ವರ್ಡ್ ಇಲ್ಲದೆಯೇ ಈ ದಾರಿಯಿಂದ ನುಗ್ಗುವ ಅಪಾಯವಿತ್ತು. ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತಿದ್ದುಪಡಿ ನೀಡಬೇಕಾಯಿತು. ಹೊರಗಿನ ಸಂಪರ್ಕ ಅನಿವಾರ್ಯವಾದರೆ ತಿಳಿದವರಿಂದ ವಿಪಿಎನ್ ಮಾಡಿಸಿಕೊಳ್ಳುವುದು ಕ್ಷೇಮ.

ಕೊನೆಗೆ ಕಾನೂನಿನ ಎರಡು ಮಾತು. ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮಿಗೆ ಬರುತ್ತದೆ. ಅಪ್ರಾಮಾಣಿಕತೆ ಅಥವಾ ವಂಚನೆಯ ಉದ್ದೇಶವಿದ್ದರೆ, 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬೇರೊಬ್ಬರಂತೆ ನಟಿಸಿ ಕಂಪ್ಯೂಟರ್ ಮೂಲಕ ವಂಚಿಸುವವರಿಗೆ 66ಡಿ ಕಲಮು ಇದೆ. ಆದರೆ ಶಿಕ್ಷೆಯ ಮಾತು ಬರುವುದು ಕಳ್ಳ ಸಿಕ್ಕಿದ ಮೇಲೆ. ಹೋದ ಹಣ ಅಷ್ಟರವರೆಗೆ ಕಾಯುವುದಿಲ್ಲ. ಹಣ ಕಳೆದುಕೊಂಡವರು ಸಂಕೋಚ ಬಿಟ್ಟು ತಕ್ಷಣ 1930ಕ್ಕೆ ಕರೆಮಾಡಬೇಕು. ತೆರೆಯ ಮೇಲಿನ ಸಂಖ್ಯೆಯನ್ನು ಗುರುತಿಲ್ಲದವರಿಗೆ ಓದಿ ಹೇಳಬಾರದೆಂಬುದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ಈಗಲೇ ತಿಳಿಸಿಡೋಣ.

ಮಗಳು ನಮ್ಮ ಪರೀಕ್ಷೆಯ ಕ್ರಮವನ್ನು ಅಚ್ಚ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಮಹಡಿಯ ಗೋಡೆಗೆ ಅಂಟಿಸಿದ್ದಾಳೆ. ಕೊನೆಯ ಸಾಲು ನನಗಾಗಿ: ‘ಅಪ್ಪ ಫೋನು ಮಾಡುವ ಮೊದಲು ಇದನ್ನು ಓದಬೇಕು.’